ಪಿಳ್ಳಪ್ಪನವರ ಜಪಾನಿ ಕೋವಿ

ಯಲಹಂಕ ಉಪನಗರ
೨೫ ಆಗಸ್ಟ್ ೨೦೧೩

ಪ್ರೀತಿಯ ಶಿವರಾಮ,

ನಿನ್ನ ಎರಡೂ ಪತ್ರಗಳು ತಲುಪಿವೆ. ಎರಡಕ್ಕೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆಂದು ಬೈಯಬೇಡ. ಬೈದರೂ ಧಾರವಾಡದಿಂದ ಇಲ್ಲಿಗೆ ಕೇಳಿಸುವುದಿಲ್ಲ. ಫೋನ್ ಮಾಡೋಣವೆಂದರೆ ನಿನ್ನ ಕಿವಿ ಸಹಕರಿಸುವುದಿಲ್ಲ. ಕಾರ್ಖಾನೆಯ ದಿನಗಳಲ್ಲಿ ಗುರಿ ಅಭ್ಯಾಸದ ರೇಂಜಿಗೆ ಹೋದಾಗಲೆಲ್ಲ ಕಿವಿಗೆ ಹತ್ತಿಯಾದರೂ ಇಟ್ಕೊಳ್ಳೋ ಅಂತ ಎಷ್ಟು ಬಡಕೊಂಡೆ! "ಹತ್ತಿ ಇಟ್ಕೊಂಡು ಹೊಡೆಯೋಕೆ ನಾನೇನು ಬಾಣಂತೀನಾ" ಅಂದವನು ನೀನು. ಈಗ ಅನುಭವಿಸು. ನಿನ್ನ ಮಂಡಿನೋವು ಕಡಿಮೆಯಾಯಿತೆಂದು ಓದಿ ಸಂತೋಷವಾಯಿತು. ನನ್ನ ಮನೆಯಾಕೆ ಸರಳಾ ಕೂಡ ಕೇಳಿದಳೆಂದು ಬರೆಯಲು ಹೇಳಿದ್ದಾಳೆ.

ತಡವಾದದ್ದಕ್ಕೆ ಮೊದಲ ಕಾರಣ ಚುನಾವಣೆ. ಮಾಮೂಲಿನಂತೆ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಿ ಬಂದೆ. ಫಲಿತಾಂಶ ಬಂದು, ಸರ್ಕಾರ ಬಂದು, ಎಲ್ಲ ಮುಗಿದ ಮೇಲೆ ವಾಪಸ್ ತಂದು, ಒಂದೊಂದನ್ನೂ ಬಿಚ್ಚಿ ಎಣ್ಣೆ ಹಾಕುವಷ್ಟರಲ್ಲಿ ಮಳೆಗಾಲ ಶುರುವಾಗಿತ್ತು. ಎರಡನೆಯ ಕಾರಣ ಸಿಹಿಸುದ್ದಿ. ನಾವಿಬ್ಬರೂ ಅಷ್ಟು ವರ್ಷ ಹುಡುಕಿದ ೭.೭ ಮಿಲಿಮೀಟರ್ ಜಪಾನಿ ಕೋವಿ, ನಮ್ಮ ಏಳು-ಏಳು, ಕೊನೆಗೂ ನನ್ನ ಮನೆ ಸೇರಿದೆ! ಕೋಲಾರದ ಕಡೆಯ ಒಬ್ಬ ನಿವೃತ್ತ ಸೇನಾಧಿಕಾರಿಯ ಮನೆಯಲ್ಲಿತ್ತು. ಅವರ ಸೊಸೆ ಇದನ್ನು ಇಟ್ಟುಕೊಳ್ಳುವುದೂ ಕಷ್ಟ, ಬಿಡುವುದೂ ಕಷ್ಟ ಅಂತ ಒದ್ದಾಡುತ್ತಿದ್ದರು. ಕಾಗದಪತ್ರವೆಲ್ಲ ಕ್ರಮವಾಗಿ ಮುಗಿಸಿ ತಂದೆ. ನಳಿಗೆಯ ಕೆಳಗಿನ ತಂತಿಯ ಒಂಟಿಕಾಲು ಹಾಗೇ ಇದೆ. ವಿಮಾನಕ್ಕೆ ಗುರಿಯಿಡಲೆಂದು ಹಿಂದಿನ ಗುರಿಪಟ್ಟಿಗೆ ಎರಡು ರೆಕ್ಕೆ ಇರುತ್ತವಲ್ಲ, ಅವೂ ಇವೆ. ಕೈಕೋವಿ ಹಿಡಿದು ವಿಮಾನ ಬೀಳಿಸುತ್ತೇವೆಂದು ನಂಬಿದ್ದ ಆ ಸೈನಿಕರ ಧೈರ್ಯಕ್ಕೆ ನಗಬೇಕೋ ಅಳಬೇಕೋ ತಿಳಿಯದು. ಮೇಲೆ ಜಪಾನಿನ ಚಕ್ರವರ್ತಿಯ ಮುದ್ರೆ, ಆ ಹದಿನಾರು ದಳದ ಹೂವು ಅಚ್ಚಳಿಯದೆ ಕೂತಿದೆ. ನಮ್ಮ ಹಳೆಯ ಆರೂವರೆ ಮಿಲಿಮೀಟರಿನ ಜಪಾನಿ ಕೋವಿಯ ಹೂವನ್ನು ಶರಣಾಗತಿಯ ಹೊತ್ತಿಗೆ ಅರದಿಂದ ಉಜ್ಜಿಬಿಟ್ಟಿದ್ದರಲ್ಲ, ಇದಕ್ಕೆ ಆ ಅವಮಾನವಾಗಿಲ್ಲ.

ತಂದ ತಕ್ಷಣ ಭುಜಕ್ಕಿಟ್ಟು ಹೊಡೆದೆನೆಂದು ತಿಳಿಯಬೇಡ. ನೀನು ಕಲಿಸಿದ ಕ್ರಮ ಒಂದನ್ನೂ ಬಿಟ್ಟಿಲ್ಲ. ತೋಟಾವನ್ನು ಒಳಗೆ ನೂಕಿ ಬಿಗಿಯುವ ಬೋಲ್ಟು ಇದೇ ಕೋವಿಯದೋ ಬೇರೆಯದೋ ಎಂದು ನಂಬರು ತಾಳೆ ನೋಡಿಸಿದೆ. ತೋಟಾ ಕೂರುವ ಗೂಡಿನ ಅಚ್ಚು ತೆಗೆದು ಅಳತೆ ಮಾಡಿಸಿದೆ. ಆಮೇಲೆ ರೇಂಜಿನಲ್ಲಿ ಹಳೆಯ ಲಾರಿ ಟೈರಿಗೆ ಕೋವಿಯನ್ನು ಬಿಗಿದು, ಟ್ರಿಗರಿಗೆ ಉದ್ದನೆಯ ದಾರ ಕಟ್ಟಿ, ಗೋಡೆಯ ಹಿಂದೆ ಕೂತು ಎಳೆದೆ. ಖಾಲಿ ತೋಟಾವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ಸವರಿ ನೋಡಿದೆ. ಉಬ್ಬಿಲ್ಲ, ಬಿರುಕಿಲ್ಲ. ಆಮೇಲೇ ಭುಜಕ್ಕೆ. ಎಪ್ಪತ್ತು ವರ್ಷದ ಉಕ್ಕು ಕಣೋ, ದೇವಸ್ಥಾನದ ಗಂಟೆಯ ಹಾಗಿದೆ. ಈ ಹಳೆಯ ಜಪಾನಿ ಕೋವಿಗಳ ವಿಷಯದಲ್ಲಿ ನನ್ನಷ್ಟು ಖಾತ್ರಿಯಾಗಿ ಮಾತಾಡುವವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ ಎಂದು ನಮ್ಮ ರೈಫಲ್ ಕ್ಲಬ್ಬಿನ ರೇಂಜ್ ಆಫೀಸರ್ ಮುರುಗೇಶ್ ಹೇಳಿದ. ನಾನು ಇಲ್ಲವೆನ್ನಲಿಲ್ಲ.

ಆದರೆ ನಾನು ಹೇಳಹೊರಟಿದ್ದು ಬೇರೆ ಕೋವಿಯ ಕಥೆ.

ಜಕ್ಕೂರಿನ ಅಶ್ವತ್ಥಪ್ಪ ನಿನಗೆ ನೆನಪಿಲ್ಲದಿರಬಹುದು. ಊರೊಳಗಿನ ಹಳೇ ಮನೆತನ. ಜಮೀನಿನ ಬಹುಪಾಲು ಅಪಾರ್ಟ್‌ಮೆಂಟುಗಳಾಗಿದೆ. ರಾಜಾನುಕುಂಟೆಯ ಕಡೆ ಒಂದಿಷ್ಟು ತೋಟ ಉಳಿದಿದೆ. ಅವರ ತಂದೆ ಪಿಳ್ಳಪ್ಪನವರು ಎರಡನೇ ಮಹಾಯುದ್ಧದಲ್ಲಿ ಸ್ಯಾಪರ್ಸ್ ಎಂಬ ಇಂಜಿನಿಯರ್ ಪಡೆಯಲ್ಲಿದ್ದವರು. ಬರ್ಮಾದಲ್ಲಿ ಸೇತುವೆ ಕಟ್ಟಿದರು, ಜಪಾನ್ ಸೋತ ಮೇಲೆ ಆ ದೇಶಕ್ಕೇ ಕಾವಲಿಗೆ ಹೋದ ನಮ್ಮ ಪಡೆಯ ಜೊತೆ ಒಂದು ವರ್ಷ ಇದ್ದು ಬಂದರು. ಬರುವಾಗ ಒಂದು ಜಪಾನಿ ಕೋವಿ ತಂದರು. ಅದು ಜಕ್ಕೂರಿಗೆಲ್ಲ ಗೊತ್ತಿರುವ ಕೋವಿ. ಬರ್ಮಾದ ಕಾಡಿನಲ್ಲಿ ಒಬ್ಬ ಜಪಾನಿ ಸೈನಿಕ ಎದುರು ಬಿದ್ದು, ಪಿಳ್ಳಪ್ಪನವರು ಬರಿಗೈಯಲ್ಲಿ ಅವನ ಮೇಲೆ ಹಾರಿ ಅದನ್ನು ಕಿತ್ತುಕೊಂಡರು ಎಂಬ ಕಥೆಯನ್ನು ಅರಳಿಕಟ್ಟೆಯ ಮೇಲೆ ಮೂರು ತಲೆಮಾರು ಹೇಳಿದೆ. ಈಗ ಲೈಸೆನ್ಸ್ ಅಶ್ವತ್ಥಪ್ಪನವರ ಹೆಸರಿನಲ್ಲಿದೆ. ಗೋಡೆಯ ಮೇಲೆ ಅಪ್ಪನ ಫೋಟೋ, ಕೆಳಗೆ ಕೋವಿ. ಆಯುಧಪೂಜೆಗೆ ಅದಕ್ಕೇ ಮೊದಲ ಕುಂಬಳಕಾಯಿ.

ಜುಲೈ ತಿಂಗಳಲ್ಲಿ ಅಶ್ವತ್ಥಪ್ಪ ಕೋವಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಮನೆಗೆ ಬಂದರು. ಜೊತೆಗೆ ಮಗಳು ಸುಮಾ. ಮತ್ತಿಕೆರೆಯ ಕಾಲೇಜಿನಲ್ಲಿ ಓದು ಮುಗಿಸಿದ ಹುಡುಗಿ. ಎನ್‌ಸಿಸಿಯಲ್ಲಿ ಗುರಿ ಕಲಿತು ಈಗ ನಮ್ಮ ಕ್ಲಬ್ಬಿನ ಸದಸ್ಯೆ.

"ಯೋಗಾನಂದ್ ಅವ್ರೆ, ಅಪ್ಪ ಹುಟ್ಟಿ ಈ ಆಗಸ್ಟ್‌ಗೆ ನೂರು ವರ್ಷ. ನಿಮ್ ರೇಂಜಲ್ಲೇ ಒಂದ್ ಕಾರ್ಯಕ್ರಮ. ಊರೋರ್ನೆಲ್ಲ ಕರೀತೀನಿ. ಅಪ್ಪನ್ ಕೋವೀಲಿ ಸುಮಾ ಐದು ಗುಂಡು ಹಾರಿಸ್ಬೇಕು. ಒಂದ್ಸಾರಿ ಕ್ಲೀನ್ ಮಾಡಿ ನೋಡ್ಬಿಡಿ ಸಾಕು," ಅಂದರು. ಅಂಗಡಿಯಿಂದ ತರಿಸಿದ್ದ ಆರೂವರೆಯ ಹೊಸ ತೋಟಾ ಡಬ್ಬಿಯನ್ನೂ ಮೇಜಿನ ಮೇಲಿಟ್ಟರು.

"ಇದುವರೆಗೆ ಯಾರಾದ್ರೂ ಇದ್ರಲ್ಲಿ ಹೊಡೆದಿದಾರಾ?" ಅಂತ ಕೇಳಿದೆ.

"ಅಪ್ಪ ಮುಟ್ಟಕ್ಕೇ ಬಿಡ್ತಿರ್ಲಿಲ್ಲ. ಅವ್ರು ಹೋದ್ಮೇಲೆ ನಾವೂ ಪೂಜೆಗೆ ಬಿಟ್ರೆ ತೆಗ್ದಿಲ್ಲ."

ಸಂತೋಷದಿಂದಲೇ ಕೈಗೆತ್ತಿಕೊಂಡೆ. ಅದೇ ಉದ್ದನೆಯ ನಳಿಗೆ, ಅದೇ ಗುಂಡುತಲೆಯ ಬೋಲ್ಟು. ತೋಟಾ ಇಲ್ಲವೆಂದು ನೋಡಿಸಿಕೊಂಡು, ಬೋಲ್ಟು ತೆಗೆದು, ಎಣ್ಣೆಬಟ್ಟೆ ಸುತ್ತಿದ ಕಡ್ಡಿಯನ್ನು ನಳಿಗೆಯೊಳಗೆ ನೂಕಿದೆ. ಶಿವರಾಮ, ಆ ಕಡ್ಡಿ ಅಂಗೈಯಲ್ಲಿ ಹೇಗೆ ತಿರುಗುತ್ತದೆಂದು ನಿನಗೆ ಹೇಳಬೇಕಾಗಿಲ್ಲ. ನಳಿಗೆಯ ಸುರುಳಿಗೀರು ಬಟ್ಟೆಯನ್ನು ಹಿಡಿದು ತಾನೇ ತಿರುಗಿಸುತ್ತದೆ. ಇದು ತಿರುಗಲಿಲ್ಲ. ನೀರಿನ ಪೈಪಿಗೆ ಕೋಲು ಹಾಕಿದ ಹಾಗೆ ಸೀದಾ ಹೋಗಿ ಸೀದಾ ಬಂತು. ಬೇರೆ ಬಟ್ಟೆ ಸುತ್ತಿ ಮತ್ತೆ ನೂಕಿದೆ. ಅಷ್ಟೇ.

"ಸುಮಾ, ಟಾರ್ಚ್ ತಗೋ. ಒಳಗೆ ಗೀರು ಇದೆಯಾ ನೋಡಿ ಹೇಳು," ಅಂದೆ.

"ಇಲ್ಲ ಅಂಕಲ್. ಕನ್ನಡಿ ಥರ ನುಣ್ಣಗಿದೆ."

ಹಿಂಭಾಗ ಸವರಿದೆ. ನಿಜವಾದ ಆರೂವರೆಯಲ್ಲಿ ಬೋಲ್ಟಿನ ಮನೆಗೆ ಹಿಂದಿನ ಬಾಲವನ್ನು ಬೇರೆ ತುಂಡಾಗಿ ಮಾಡಿ ಸೇರಿಸಿರುತ್ತಾರೆ. ಬೆರಳಿಗೆ ಆ ಸಂದು ಸಿಗಬೇಕು. ಸಿಗಲಿಲ್ಲ. ಎಲ್ಲ ಒಂದೇ ಎರಕ. ಹೂವು ಇರಬೇಕಾದ ಕಡೆ ಏನಿದೆಯೆಂದು ಸುಮಾಳನ್ನು ಕೇಳಿದೆ. ಹೂವಿಲ್ಲ, ಉಜ್ಜಿದ ಗುರುತೂ ಇಲ್ಲ, ಒಂದು ಸಣ್ಣ ವೃತ್ತ, ಅದರೊಳಗೆ ಅಕ್ಷರ ಅಂದಳು. ಅಲ್ಲಿಗೆ ನನಗೆ ಖಚಿತವಾಯಿತು. ಇದು ಯುದ್ಧದ ಕೋವಿಯಲ್ಲ. ಜಪಾನಿನ ಶಾಲೆಗಳಲ್ಲಿ ಮಕ್ಕಳಿಗೆ ಕವಾಯತು ಕಲಿಸಲು ಮಾಡಿಸುತ್ತಿದ್ದ ತಾಲೀಮು ಕೋವಿ. ಬೀಡುಕಬ್ಬಿಣದ ಮೈ. ಹುಸಿ ತೋಟಾ ಹಾಕಿ ಢಂ ಅನ್ನಿಸಬಹುದು, ಅಷ್ಟೇ. ನಿಜವಾದ ತೋಟಾ ಹಾಕಿದರೆ ಕೂರುತ್ತದೆ, ಅದೇ ಅಪಾಯ. ಟ್ರಿಗರ್ ಎಳೆದವರ ಕೆನ್ನೆಯ ಪಕ್ಕದಲ್ಲೇ ಸಿಡಿಯುತ್ತದೆ.

ನಾನು ಇದನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅಶ್ವತ್ಥಪ್ಪನವರ ದನಿ ಏರಿತು.

"ಏನ್ ಸಾರ್ ಮಾತಾಡ್ತಿದೀರ? ನಮ್ಮಪ್ಪ ಇಸ್ಕೂಲ್ ಮಕ್ಕಳ ಆಟದ ಸಾಮಾನು ತಂದು ಊರಿಗೆಲ್ಲ ಸುಳ್ಳು ಹೇಳಿದ್ರು ಅಂತಾನಾ?"

"ನಿಮ್ಮಪ್ಪ ಏನು ಹೇಳಿದ್ರೋ ನಂಗೊತ್ತಿಲ್ಲ. ಕೋವಿ ಏನು ಹೇಳ್ತಿದೆ ಅಂತ ನಾನ್ ಹೇಳ್ತಿದೀನಿ."

"ನಿಮ್ ರೇಂಜ್ ಬೇಡ ಬಿಡಿ. ನಮ್ ತೋಟದಲ್ಲಿ ನಾನೇ ಹಾರಿಸ್ತೀನಿ. ಏನಾಗುತ್ತೋ ನೋಡೇಬಿಡಾಣ!" ಎಂದು ಕೋವಿಗೆ ಕಂಬಳಿ ಸುತ್ತಿಕೊಂಡು ಹೊರಟೇಬಿಟ್ಟರು. ಸುಮಾ ಬಾಗಿಲಲ್ಲಿ ಒಂದು ಕ್ಷಣ ನಿಂತು, "ಅಂಕಲ್, ಅಪ್ಪ ಹಾರಿಸೇ ಹಾರಿಸ್ತಾರೆ. ಅವ್ರು ಹಂಗೇ," ಅಂದು ಹಿಂದೆ ಓಡಿದಳು.

ಬೋಲ್ಟು ನನ್ನ ಮೇಜಿನ ಮೇಲೇ ಉಳಿದಿತ್ತು. ಅದಿಲ್ಲದೆ ಕೋವಿ ಬರೀ ಕೊಳವೆ, ಗುಂಡು ಹಾರುವುದಿಲ್ಲ. ಸಿಟ್ಟಿನಲ್ಲಿ ಅವರು ನೋಡಿರಲಿಲ್ಲ. ನಾನು ನೋಡಿದ್ದೆ, ಸುಮ್ಮನಿದ್ದೆ. ಆದರೆ ಅವರ ಸ್ವತ್ತನ್ನು ನಾನು ಇಟ್ಟುಕೊಳ್ಳುವಂತಿಲ್ಲ, ಕೊಟ್ಟರೆ ಅವರು ಹಾರಿಸುತ್ತಾರೆ. ಸರಳಾ ಹೇಳಿದಳು, "ಅವರಮ್ಮ ಇದಾರಲ್ಲ, ಅವರ ಕೈಗೇ ಕೊಡಿ." ಬುದ್ಧಿಯೆಂದರೆ ಅವಳದು ಕಣೋ. ಮಾರನೇ ಬೆಳಗ್ಗೆಯೇ ಜಕ್ಕೂರಿಗೆ ಹೋದೆವು.

ಅಶ್ವತ್ಥಪ್ಪನವರ ತಾಯಿ ದೊಡ್ಡಮುನಿಯಮ್ಮನವರಿಗೆ ತೊಂಬತ್ತು ಸಮೀಪಿಸಿದೆ. ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ಮೇಲೆ ಫ್ಲೈಯಿಂಗ್ ಕ್ಲಬ್ಬಿನ ಸಣ್ಣ ವಿಮಾನ ಗಿರಕಿ ಹೊಡೆಯುತ್ತಿತ್ತು. ಅಶ್ವತ್ಥಪ್ಪ ನಮ್ಮನ್ನು ಕಂಡು ಕೂರಿ ಅನ್ನಲಿಲ್ಲ. ನಾನು ಬೋಲ್ಟನ್ನು ಅಜ್ಜಿಯ ಮಡಿಲಲ್ಲಿ, ಕಡಲೆಕಾಯಿಯ ಸಿಪ್ಪೆಯ ಮೇಲೆ ಇಟ್ಟು, "ಅಮ್ಮ, ಇದು ನಿಮ್ಮ ಯಜಮಾನರದು. ಇದನ್ನ ಕೋವಿಗೆ ಹಾಕಿ ಗುಂಡು ಹಾರಿಸಿದ್ರೆ ಹಾರಿಸಿದವರು ಉಳಿಯಲ್ಲ. ಯಾರಿಗೆ ಕೊಡ್ಬೇಕೋ ನೀವೇ ಹೇಳಿ," ಅಂದೆ.

ಅಜ್ಜಿ ಬೋಲ್ಟನ್ನು ಎತ್ತಿ ತಿರುಗಿಸಿ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, "ಇದ್ರಾಗೆ ಗುಂಡು ಆರ್ಸಕ್ಕೆ ಒಂಟಿದ್ಯೇನ್ಲಾ?" ಅಂದರು.

"ನೀನ್ ಸುಮ್ನಿರಮ್ಮ. ಇವ್ರು ಅಪ್ಪನ್ನ ಸುಳ್ಳುಗಾರ ಅಂತವ್ರೆ."

"ನಿಮ್ಮಪ್ಪ ಯಾವತ್ತು ಸುಳ್ಳು ಏಳಿದ್ರು? ಸುಳ್ಳು ಏಳಿದ್ದು ಕಟ್ಟೆ ಮ್ಯಾಗಿನ ಗಂಡಸ್ರು. ನಾನು ಮದ್ವೆಯಾಗಿ ಬಂದಾಗ ಮನ್ಯಾಗೆ ಕೋವಿ ಐತೆ ಅಂತ ಎದ್ರುಕೊಂಡು ಒಳಿಕ್ಕೇ ಓಗ್ಲಿಲ್ಲ. ಆಗ ಏಳಿದ್ರು. ಜಪಾನ್‌ನಾಗೆ ಒಂದು ಇಸ್ಕೂಲ್‌ಗೆ ಕಳ್ಸಿದ್ರಂತೆ, ಅಲ್ಲಿರೋ ಕೋವಿಯೆಲ್ಲ ಮುರಿದು ಸುಟ್ಟಾಕಿ ಅಂತ. ಸಣ್ಣ ಸಣ್ಣ ಐಕಳು ಒಬ್ಬೊಬ್ರೇ ಒತ್ಕೊಂಡು ಬಂದು ಅಂಗಳದಾಗೆ ಜೋಡ್ಸಿದ್ರಂತೆ. ಇವ್ರು ಸಾಯೇಬ್ರನ್ನ ಕೇಳಿ ಒಂದು ಇಸ್ಕೊಂಡ್ರು."

"ಇದನ್ನೇ ಯಾಕೆ ಕೇಳಿದ್ರು?" ಅಂದೆ ನಾನು.

"ಅದ್ನೇ ನಾನೂ ಕೇಳ್ದೆ. ಬರ್ಮಾದಾಗೆ ನೋಡಿದ್ ಕೋವಿ ಒಂದೊಂದ್ರಿಂದ್ಲೂ ಎಣ ಬಿದ್ದಿದ್ವು, ಇದ್ರಿಂದ ಯಾರೂ ಸತ್ತಿಲ್ಲ, ಸಾಯ್ಸಕ್ಕೂ ಆಗಕಿಲ್ಲ, ಅದ್ಕೇ ತಂದೆ, ನೀನು ಎದ್ರುಕೋಬ್ಯಾಡ ಒಳಿಕ್ಕೆ ಬಾ ಅಂದ್ರು. ಆಮ್ಯಾಕೆ ನಾನು ಒಳಿಕ್ಕೋದೆ."

ಅಶ್ವತ್ಥಪ್ಪನವರ ದನಿ ಬದಲಾಗಿತ್ತು. "ಮತ್ತೆ ನಂಗ್ಯಾಕಮ್ಮ ಇಷ್ಟು ವರ್ಸ ಹೇಳ್ಲಿಲ್ಲ?"

"ನೀನು ಚಡ್ಡಿ ಆಕ್ಕೊಂಡು ಊರ್ ತುಂಬ ಓಡಾಡಿ ನಮ್ಮಪ್ಪ ಜಪಾನ್‌ನೋರ್ನ ಒಡ್ದ ಅಂತ ಏಳ್ತಿದ್ದೆ. ನಿಜ ಏಳ್ಬಿಡ್ಲಾ ಅಂತ ನಿಮ್ಮಪ್ಪನ್ನ ಕೇಳ್ದೆ. ಬ್ಯಾಡ, ಮಗಾ ಎದೆ ಉಬ್ಬಿಸ್ಕೊಂಡು ನಡೀತೈತೆ, ಇಂಗೇ ಇರ್ಲಿ ಬಿಡು ಅಂದ್ರು. ಅಂಗೇ ಇತ್ತು."

ಅಶ್ವತ್ಥಪ್ಪ ಎದ್ದು ಹೊರಗೆ ಹೋದರು. ಅರವತ್ತು ದಾಟಿದ ಗಂಡಸು, ಜಗಲಿಯಲ್ಲಿ ಬೆನ್ನು ಮಾಡಿಕೊಂಡು ಕೂತುಬಿಟ್ಟರು. ನಾನು ಹತ್ತಿರ ಹೋಗಲಿಲ್ಲ. ಸುಮಾ ಹೋಗಿ ಪಕ್ಕದಲ್ಲಿ ಕೂತಳು. ಬೋಲ್ಟನ್ನು ಅಜ್ಜಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಕಾರ್ಯಕ್ರಮ ನಿಂತೇಹೋಯಿತು ಎಂದುಕೊಂಡಿದ್ದೆ. ಒಂದು ವಾರದ ಮೇಲೆ ಅಶ್ವತ್ಥಪ್ಪನವರೇ ಫೋನ್ ಮಾಡಿದರು. "ಸಾರ್, ಆವತ್ತು ಬಾಯಿಗೆ ಬಂದಿದ್ ಮಾತಾಡ್ದೆ. ಕಾರ್ಯಕ್ರಮ ಮಾಡೇ ಮಾಡ್ತೀನಿ. ನಿಮ್ ಆರೂವರೆ ಒಂದಿನಕ್ಕೆ ಕೊಡ್ತೀರಾ?" ಅಂದರು. "ಕೊಡಲ್ಲ, ನಾನೇ ತರ್ತೀನಿ. ರೇಂಜಿನಲ್ಲಿ ನನ್ನ ಎದುರಿಗೇ ಹೊಡೀಬೇಕು," ಅಂದೆ. ನಕ್ಕರು.

ಹೋದ ಭಾನುವಾರ ಬೆಳಗ್ಗೆ ರಾಜಾನುಕುಂಟೆಯಾಚೆಯ ನಮ್ಮ ರೇಂಜಿನಲ್ಲಿ ಜಕ್ಕೂರಿನ ಅರ್ಧ ಊರು ನೆರೆದಿತ್ತು. ಮೋಡ ಮುಸುಕಿದ್ದರೂ ಮಳೆ ಹನಿಯಲಿಲ್ಲ. ಪಿಳ್ಳಪ್ಪನವರ ಫೋಟೋಗೆ ಕನಕಾಂಬರದ ಹಾರ, ಮುಂದೆ ಮೇಜಿನ ಮೇಲೆ ಬೋಲ್ಟಿಲ್ಲದ ಆ ಕೋವಿ. ಮುರುಗೇಶ್ ಕೆಂಪು ಬಾವುಟ ಏರಿಸಿ, ಎಲ್ಲರನ್ನೂ ಹಗ್ಗದ ಹಿಂದೆ ನಿಲ್ಲಿಸಿ, ಕಿವಿಗೆ ಹತ್ತಿ ಹಂಚಿದ. ಅಶ್ವತ್ಥಪ್ಪ ಮಾತಾಡಲು ನಿಂತರು. ಎಲ್ಲರೂ ಬರ್ಮಾದ ಕಾಡಿನ ಕಥೆಗೆ ಕಾದಿದ್ದರು. ಮುದುಕರೊಬ್ಬರು ಆಗಲೇ ತಲೆದೂಗಲು ಶುರುಮಾಡಿದ್ದರು.

"ನಾನು ಚಿಕ್ಕಂದಿನಿಂದ ಹೇಳ್ಕೊಂಡು ಬಂದಿದ್ ಕಥೆ ನಿಜ ಅಲ್ಲ," ಅಂದರು. "ನಮ್ಮಪ್ಪ ಈ ಕೋವೀನ ಯಾರ್ ಹತ್ರಾನೂ ಕಿತ್ಕೊಂಡಿಲ್ಲ. ಇದು ಇಸ್ಕೂಲ್ ಮಕ್ಕಳ ಕೋವಿ. ಇದ್ರಿಂದ ಯಾರೂ ಸತ್ತಿಲ್ಲ ಅಂತ್ಲೇ ಅಪ್ಪ ತಂದಿದ್ದು. ಯುದ್ಧ ನೋಡಿ ಬಂದೋರು ಇದನ್ನೇ ಆರಿಸ್ಕೊಂಡ್ರು. ಅದ್ಕಿಂತ ದೊಡ್ಡ ಸಾಹಸ ನಂಗ್ಯಾವ್ದೂ ಗೊತ್ತಿಲ್ಲ." ಇಷ್ಟೇ ಹೇಳಿ ಕೂತರು. ಜನ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಒಬ್ಬರ ಕಡೆ ಒಬ್ಬರು ತಿರುಗಿದರು. ಅಜ್ಜಿ ಒಬ್ಬರೇ ತಟ್ಟಿದರು, ಆಮೇಲೆ ಎಲ್ಲರೂ.

ಮುರುಗೇಶ್ ನನ್ನನ್ನು ಕರೆದ. "ಯೋಗಾನಂದ್ ಸಾರ್, ಮೊದಲ ಗುಂಡು ನಿಮ್ದು. ಹಿರಿಯರು ನೀವು." ನಾನು ನನ್ನ ಆರೂವರೆಯನ್ನು ಬೋಲ್ಟು ತೆರೆದು, ನಳಿಗೆಯನ್ನು ಗುಡ್ಡದ ಕಡೆ ಇಟ್ಟು, ಸುಮಾಳ ಕೈಗೆ ಕೊಟ್ಟೆ. "ಐದೂ ಇವಳದೇ. ಇವತ್ತು ಇವಳ ತಾತನ ದಿನ," ಅಂದೆ. ಎಲ್ಲರೂ ನನ್ನ ದೊಡ್ಡಮನಸ್ಸನ್ನು ಹೊಗಳಿದರು.

ಹುಡುಗಿ ಮಲಗಿ, ಮೊಣಕೈ ಊರಿ, ಉಸಿರು ಹಿಡಿದಳು. ನಮ್ಮ ಆರೂವರೆಯ ಸದ್ದು ಗೊತ್ತಲ್ಲ, ಅಷ್ಟುದ್ದದ ನಳಿಗೆಯಿಂದ ಸೌಮ್ಯವಾಗಿ ಬರುತ್ತದೆ. ಭುಜಕ್ಕೂ ಅಷ್ಟೇ, ಗೆಳೆಯ ತಟ್ಟಿದ ಹಾಗೆ. ಐದು ಗುಂಡುಗಳನ್ನೂ ಆತುರವಿಲ್ಲದೆ ಹೊಡೆದಳು. ಪ್ರತಿ ಸಲವೂ ಬೋಲ್ಟು ಎಳೆದು, ತೋಟಾ ಹೊರಬಿದ್ದದ್ದು ನೋಡಿ, ಮತ್ತೆ ಮುಚ್ಚಿದಳು. ಮುರುಗೇಶ್ ಗುರಿಹಲಗೆ ತಂದಾಗ ಐದೂ ತೂತುಗಳನ್ನು ಒಂದು ದೋಸೆ ಚಟ್ನಿಯ ಬಟ್ಟಲಿನಿಂದ ಮುಚ್ಚಬಹುದಿತ್ತು ಎಂದು ಎಲ್ಲರೂ ಹೇಳಿದರು. ಗುರಿಪಟ್ಟಿ ಶತಮಾನ ಹಳೆಯದು, ಹುಡುಗಿ ಮೊದಲ ಸಲ ಹಿಡಿದದ್ದು. ನಿನ್ನ ಮೊದಲ ಗುರಿಹಲಗೆ ನನ್ನ ಬಳಿ ಇನ್ನೂ ಇದೆ ಶಿವರಾಮ, ಹೋಲಿಸಲು ಹೋಗುವುದಿಲ್ಲ. ಅಜ್ಜಿ ಹತ್ತಿ ತೆಗೆದು, "ಇಷ್ಟೇಯಾ? ದೀಪಾವಳಿ ಪಟಾಕಿ ಇದಕ್ಕಿಂತ ವಾಸಿ," ಅಂದರು. ಆಮೇಲೆ ಎಲ್ಲರಿಗೂ ಮುದ್ದೆ, ಅವರೆಕಾಳು ಸಾರು.

ಸುಮಾಳಿಗೆ ಸ್ವಂತ ಲೈಸೆನ್ಸಿಗೆ ಅರ್ಜಿ ಹಾಕಲು ಹೇಳಿದ್ದೇನೆ. ನಿನ್ನ ಪರಿಚಯದವರು ಹುಬ್ಬಳ್ಳಿಯಲ್ಲಿ ಆರೂವರೆಯ ತೋಟಾ ತರಿಸುತ್ತಾರೆಂದು ಬರೆದಿದ್ದೆಯಲ್ಲ, ಅವರ ವಿಳಾಸ ಕಳಿಸು. ದಸರಾ ಹೊತ್ತಿಗೆ ಬಂದು ಹೋಗು. ಹೆಬ್ಬಾಳದ ಮೇಲೆ ವಿಮಾನ ನಿಲ್ದಾಣಕ್ಕೆಂದು ಕಟ್ಟುತ್ತಿರುವ ಹೊಸ ಸೇತುವೆ ನೋಡಿದರೆ ನಮ್ಮ ಯಲಹಂಕ ಅಂತ ನಂಬುವುದಿಲ್ಲ ನೀನು. ಮನೆಯಲ್ಲಿ ಎಲ್ಲರಿಗೂ ನಮ್ಮ ಆಶೀರ್ವಾದ. ಮುಡಿ ಕೊಟ್ಟ ಮೊಮ್ಮಗಳ ಕೂದಲು ಬೆಳೆಯಿತೇ? ನಿನಗೆ ಒಳ್ಳೆಯ ನಿದ್ದೆ, ನೋವಿಲ್ಲದ ಮಂಡಿ ಸಿಗಲಿ.

ನಿನ್ನ
ಯೋಗಾನಂದ

ಮರೆತಿದ್ದು: ದೊಡ್ಡಮನಸ್ಸು ಅಂದರಲ್ಲ, ನಿನಗೊಬ್ಬನಿಗೆ ನಿಜ ಹೇಳುತ್ತೇನೆ. ನನಗೆ ಕೋವಿಯ ಮುಂದಿನ ಗುರಿಮೊನೆ ಕಾಣುವುದಿಲ್ಲ. ಫೆಬ್ರವರಿಯಿಂದ ಹೀಗೆ. ಕಣ್ಣಿನ ಹಿಂದಿನ ಪರದೆಯ ನಡುಭಾಗ ಸವೆದಿದೆ, ಎರಡೂ ಕಣ್ಣಿನಲ್ಲಿ, ಚುಚ್ಚುಮದ್ದಿನಿಂದ ತಡೆಯಬಹುದು, ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ಸುತ್ತಮುತ್ತಲೆಲ್ಲ ನಿಚ್ಚಳ. ಯಾವುದನ್ನು ನೇರ ನೋಡುತ್ತೇನೋ ಅದೊಂದೇ ಇರುವುದಿಲ್ಲ. ಈ ಪತ್ರವನ್ನೂ ಒಂದೊಂದೇ ಅಕ್ಷರ ತಡಕಿಕೊಂಡು ಬರೆದದ್ದು. ಗುರಿ ಕಾಣದವನು ಕೋವಿ ಎತ್ತಬಾರದು, ಇದರಲ್ಲಿ ವಾದಕ್ಕೆ ಜಾಗವಿಲ್ಲ, ಹಾಗಾಗಿ ಇಟ್ಟುಬಿಟ್ಟೆ. ಏಳು-ಏಳನ್ನೂ ಭುಜಕ್ಕಿಟ್ಟು ಹೊಡೆದವನು ಮುರುಗೇಶ್, ನಾನಲ್ಲ. ಅದರ ಬಗ್ಗೆ ದುಃಖವೇನೂ ಇಲ್ಲ. ಸುಮಾ ಇದ್ದಾಳೆ.

ಸರಳಾಳಿಗೆ ಕನ್ನಡಕದ ನಂಬರು ಬದಲಾಗಿದೆ ಅಂದಿದ್ದೇನೆ. ಎದುರಿಗೆ ಕೂತರೆ ಅವಳ ಓಲೆ ಕಾಣುತ್ತದೆ, ಕೂದಲು ಕಾಣುತ್ತದೆ, ಮುಖ ಕಾಣುವುದಿಲ್ಲ. ಸ್ವಲ್ಪ ಪಕ್ಕಕ್ಕೆ ತಿರುಗಿದರೆ ಅಷ್ಟಿಷ್ಟು ಸಿಗುತ್ತಾಳೆ. ಮೊನ್ನೆ ಕಾಫಿ ಕೊಡುತ್ತಾ, "ಇಷ್ಟು ವರ್ಷ ಇಲ್ಲದ್ದು, ಈಗೇನು ಹೊಸ ಮದುವೆ ಗಂಡಿನ ಥರ ನನ್ನ ಓರೆಗಣ್ಣಲ್ಲಿ ನೋಡ್ತೀರ?" ಅಂದಳು. ನಾಚಿಕೆಯಾಗುತ್ತೆ ಕಣೇ ಅಂದೆ. ನಕ್ಕಳು. ನಕ್ಕದ್ದು ಕೇಳಿಸಿತು.